ಸಾಹುಕಾರ್ರ ಕಾರು ಬದಲಾಯ್ತು, ನಾವ್ಯಾಕೆ ಪೇಡೆ ತಿನ್ನಬೇಕು?

ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬೇಕು. ನಮಗಂತೂ ಒಂದೇ ದಿನ ಹನ್ನೊಂದು ಗ್ರೂಪಿನಿಂದ ಬಂತು. ಹೊಸಪೇಟೆ ಕಡೆಯ ಸಾಹುಕಾರರೊಬ್ಬರು ತಮ್ಮ ಹಳೆಯ ಎಂಜಿಬಿ ಕಾರನ್ನು ವ್ಯಾಪಾರಿಗೆ ಒಪ್ಪಿಸಿದ್ದಾರೆ. ಇಬ್ಬರೇ ಕೂರುವ, ಮೇಲಿನ ಹೊದಿಕೆ ಬಿಚ್ಚಿಡಬಹುದಾದ ಇಂಗ್ಲೆಂಡಿನ ಕಾರು ಅದು. ಅದರ ಮೇಲೆ ಕೋಟಿಗಟ್ಟಲೆ ಸೇರಿಸಿ ಹಳದಿ ಬಣ್ಣದ ಲ್ಯಾಂಬೋರ್ಗಿನಿ ತಂದಿದ್ದಾರೆ. ಹಿಂದೆ ಸಿನಿಮಾ ಹಾಡು, ಮುಂದೆ ಪೇಡೆ ಹಂಚುವ ಹುಡುಗರು. ಕೆಳಗೆ ನಮ್ಮೂರವರದೇ ಬರಹ: ‘ನಮ್ಮ ಹೆಮ್ಮೆ’, ‘ಜಿಲ್ಲೆಯ ಕೀರ್ತಿ’, ‘ಅಣ್ಣಾ ಒಂದು ರೌಂಡ್’.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಕದ್ದು ತಂದರೆಂದು ನಾವು ಹೇಳುತ್ತಿಲ್ಲ. ಅವರ ದುಡ್ಡು, ಅವರ ಕಾರು. ನಮ್ಮ ತಕರಾರು ಪೇಡೆಯ ಮೇಲೆ. ಒಬ್ಬರ ಕಾರು ಬದಲಾದರೆ ಸಂಡೂರಿನ ಧೂಳು ಕುಡಿಯುವ ಊರು, ಕಂಪ್ಲಿಯ ಗದ್ದೆಯಲ್ಲಿ ಸಸಿ ನಾಟುವ ಊರು ಹಬ್ಬ ಮಾಡುವುದೇಕೆ?

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇವೆ. ಆ ವಿಡಿಯೊ ಬಂದ ಸಂಜೆಯೇ ಡೆಸ್ಕಿನಿಂದ ಫೋನ್ ಬಂತು. ಕಾರಿನ ಫೋಟೊ ಕಳಿಸಿ, ರೇಟು ಕೇಳಿ, ಎಷ್ಟು ಸ್ಪೀಡು ಓಡುತ್ತೆ ಕೇಳಿ ಅಂದರು. ಕಳಿಸಿದೆವು. ಮರುದಿನ ಎಂಟು ಸಾಲು ಬಂತು, ಫೋಟೊ ಸಮೇತ. ಅದಕ್ಕೂ ಹದಿನೈದು ದಿನ ಮುಂಚೆ ನಾವು ಕಳಿಸಿದ್ದ ಅದಿರು ಲಾರಿ ಧೂಳಿನ ಸುದ್ದಿ ಇವತ್ತಿನವರೆಗೂ ಬಂದಿಲ್ಲ. ನಮ್ಮಂಥ ಸ್ಟ್ರಿಂಗರುಗಳಿಗೆ ಅಚ್ಚಾದ ಸುದ್ದಿಗಷ್ಟೇ ದುಡ್ಡು. ಲ್ಯಾಂಬೋರ್ಗಿನಿ ದುಡ್ಡು ಕೊಟ್ಟಿತು, ಧೂಳು ಕೊಡಲಿಲ್ಲ. ಗಣಿ ಜೋರಾಗಿದ್ದ ದಿನಗಳಲ್ಲೂ ಹೀಗೇ ಆಗಿತ್ತು. ಊರ ಮೇಲೆ ಹಾರುವ ಹೆಲಿಕಾಪ್ಟರ್ ಎಷ್ಟು ಎಂದು ಎಣಿಸಿ ಬರೆದರು, ಕೆಳಗೆ ಓಡುವ ಲಾರಿ ಎಷ್ಟು ಎಂದು ಎಣಿಸಿದವರು ಕಡಿಮೆ.

ಈಗ ಕಾರಿನ ವಿಷಯಕ್ಕೆ ಬರೋಣ. ಯಾರೂ ಹೇಳದ ಮಾತು ಅದರಲ್ಲೇ ಇದೆ.

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಗಾಡಿ. ನಾಲ್ಕು ಸಿಲಿಂಡರು, ಹೆಚ್ಚಿನವಕ್ಕೆ ಎರಡು ಎಸ್‌ಯು ಕಾರ್ಬೊರೇಟರು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸ್ಪ್ಯಾನರು, ಸ್ಕ್ರೂ ಡ್ರೈವರು, ಚೆನ್ನಾಗಿ ಕೇಳುವ ಕಿವಿ ಇದ್ದರೆ ಅಂಬಾಸಿಡರ್ ರಿಪೇರಿ ಮಾಡಿದ ಯಾವ ಮೇಸ್ತ್ರಿಯೂ ಅದನ್ನು ದಾರಿಗೆ ತರಬಲ್ಲ. ತಂದಿದ್ದಾನೆ ಕೂಡ. ಹೊಸಪೇಟೆಯಲ್ಲಿ ನಮಗೆ ಗೊತ್ತಿರುವ ಮೇಸ್ತ್ರಿಯೊಬ್ಬರು ವರ್ಷಗಟ್ಟಲೆ ಆ ಕಾರು ನೋಡಿಕೊಂಡರು. ಸಿಗದ ಬುಶ್ಶನ್ನು ಲೇತ್‌ನವನ ಹತ್ತಿರ ಹೊಡೆಸಿದರು. ಸೀಟಿನ ಕುಶನ್ನು ಹೊಲಿದವರು, ಟಿಂಕರಿಂಗ್ ಮಾಡಿದವರು, ಬಣ್ಣ ಹೊಡೆದವರು ಎಲ್ಲರೂ ಇಲ್ಲಿಯವರೇ. ಸಾಹುಕಾರರ ಶೋಕಿಯಿಂದ ನಾಲ್ಕಾರು ಮನೆಗೆ ಬಿಡಿಬಿಡಿಯಾಗಿ ಕೂಲಿ ಹೋಗುತ್ತಿತ್ತು.

ಲ್ಯಾಂಬೋರ್ಗಿನಿಗೆ ಲೈಟ್ ಹತ್ತಿದರೆ ಅದನ್ನು ಲಾರಿ ಮೇಲೆ ಮಲಗಿಸಿ ಬೆಂಗಳೂರಿಗೆ ಒಯ್ಯಬೇಕು. ನಮ್ಮ ಮೇಸ್ತ್ರಿ ಅದರ ಬಾನೆಟ್ಟು ಎತ್ತಿದರೆ ಸಿಗುವುದು ಸೂಟ್‌ಕೇಸ್ ಇಡುವ ಜಾಗ, ಎಂಜಿನ್ನು ಇರುವುದು ಬೆನ್ನ ಹಿಂದೆ. ನೆಲಕ್ಕೂ ಕಾರಿನ ಹೊಟ್ಟೆಗೂ ನಡುವೆ ಒಂದು ಗೇಣು ಅಂತರವೂ ಇಲ್ಲ. ನಮ್ಮೂರ ಶಾಲೆ ಮುಂದಿನ ಹಂಪು ದಾಟಿಸುವಾಗ ಇಬ್ಬರು ಇಳಿದು ಬಗ್ಗಿ ನೋಡಬೇಕು. ಹೆಮ್ಮೆಯ ಕಾರು ನಮ್ಮ ಓಣಿಗೆ ಬರಲಾರದು, ಅದರ ವಿಡಿಯೊ ಮಾತ್ರ ಬರುತ್ತದೆ.

ತಮಾಷೆ ಎಂದರೆ ಲ್ಯಾಂಬೋರ್ಗಿನಿ ಶುರುವಾದದ್ದು ರೈತನ ಗಾಡಿಯಿಂದ. ಇಟಲಿಯ ಫೆರುಚಿಯೊ ಲ್ಯಾಂಬೋರ್ಗಿನಿ ಒಕ್ಕಲುತನದ ಮನೆಯವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ಸಾಮಾನು ಜೋಡಿಸಿ ಟ್ರ್ಯಾಕ್ಟರ್ ಮಾಡಿದರು, 1948ರಲ್ಲಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು. ಕಾರಿನ ಕಂಪನಿ ಬಂದದ್ದು 1963ರಲ್ಲಿ. ಆ ಹೆಸರಿನ ಟ್ರ್ಯಾಕ್ಟರ್ ಈಗಲೂ ಇದೆ, ಬೇರೆ ಕಂಪನಿಯ ಕೈಯಲ್ಲಿ. ಕಾರಿನ ಗುರುತು ಗೂಳಿ.

ಗೂಳಿ ಅಂದಾಗ ನಮಗೆ ನಮ್ಮ ಸೋದರಮಾವ ನೆನಪಾಗುತ್ತಾರೆ. ಸಂಡೂರು ತಾಲ್ಲೂಕಿನವರು. 2007ರ ಸುಮಾರಿಗೆ ಅದಿರಿನ ರೇಟು ಏರಿತ್ತು, ಚೀನಾ ಎಷ್ಟು ಕೊಟ್ಟರೂ ಬೇಕು ಅನ್ನುತ್ತಿತ್ತು. ಊರಿಗೆ ಊರೇ ಲಾರಿ ಮಾತಾಡುತ್ತಿತ್ತು. ಮಾವ ಜೋಡೆತ್ತು ಮಾರಿದರು, ಎರಡೆಕರೆ ಮಾರಿದರು, ಉಳಿದದ್ದಕ್ಕೆ ಸಾಲ ಮಾಡಿ ಟಿಪ್ಪರ್ ತಂದರು. ಅವತ್ತು ನಮ್ಮ ಮನೆಯಲ್ಲೂ ಪೇಡೆ ಹಂಚಿದ್ದೆವು. ಅದನ್ನು ಮುಚ್ಚಿಡುವುದಿಲ್ಲ. ಮೂರು ವರ್ಷ ಚೆನ್ನಾಗಿಯೇ ದುಡಿಯಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟು ನಿಲ್ಲಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ ಕೇಸು ಅದು. ಕೋರ್ಟು ಮಾಡಿದ್ದು ಸರಿಯೇ, ಗುಡ್ಡಗಳನ್ನು ಕಾನೂನು ಮುರಿದು ಬಗೆಯುತ್ತಿದ್ದರು. ಆದರೆ ಕಂತು ಕಟ್ಟುವ ತಾರೀಖನ್ನು ಯಾರೂ ನಿಲ್ಲಿಸಲಿಲ್ಲ. ಟಿಪ್ಪರ್ ನಾಲ್ಕು ತಿಂಗಳು ಮನೆ ಮುಂದೆ ನಿಂತಿತು. ಆಮೇಲೆ ಸಾಲ ಕೊಟ್ಟವರು ಒಯ್ದರು.

ವಿಡಿಯೊ ತೋರಿಸಿದಾಗ ಮಾವ ಎರಡು ಸಲ ನೋಡಿದರು. ‘ಅಳಿಯಾ, ಹಳೆ ಕಾರಿಗೆ ಎಷ್ಟ್ ಕೊಟ್ರಂತೆ?’ ಅಂದರು.

‘ಚಲೋ ರೇಟ್ ಬಂದಿರ್ತೈತಿ ಮಾವ. ಹಳೇದಾದಷ್ಟೂ ಅಂಥ ಕಾರಿಗೆ ಕಿಮ್ಮತ್ತು ಜಾಸ್ತಿ.’

‘ನನ್ ಟಿಪ್ಪರ್ ನಾಕ್ ವರ್ಷದಾಗ ತೂಕದ ಕಬ್ಬಿಣ ಆಗಿತ್ತಲ್ಲೋ’ ಅಂದು ಮೊಬೈಲ್ ವಾಪಸ್ ಕೊಟ್ಟರು.

ಅದಲು ಬದಲು ಅಂದರೆ ಎಲ್ಲರಿಗೂ ಒಂದೇ ಅಲ್ಲ. ಸಾಹುಕಾರರು ಹಳೆಯದನ್ನು ಕೊಡುವಾಗ ಅದಕ್ಕೆ ಬೆಲೆ ಏರಿರುತ್ತದೆ. ಮಾವನಂಥವರು ಎತ್ತು ಕೊಟ್ಟು, ಹೊಲ ಕೊಟ್ಟು ಲಾರಿ ತಂದರೆ ಲಾರಿಯ ಬೆಲೆ ಇಳಿಯುತ್ತದೆ, ಮಾರಿದ ಹೊಲದ ಬೆಲೆ ಏರುತ್ತದೆ.

ತೆರಿಗೆಯ ಮಾತು ಕೇಳಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇ 18. ಒಂದು ಲಕ್ಷ ದಾಟಿದ ಬೈಕಿಗೂ ಶೇ 18. ಹೌದು, ಸರಿಯಾಗಿಯೇ ಓದಿದಿರಿ. ಕಂಪ್ಲಿಯ ಬಾಳೆ ತೋಟದಲ್ಲಿ ಗೊನೆ ಹೊತ್ತು, ಕಂತಿನ ಮೇಲೆ 1 ಲಕ್ಷ 20 ಸಾವಿರದ ಬೈಕು ತರುವ ಹುಡುಗ 21,600 ರೂಪಾಯಿ ತೆರಿಗೆ ಕಟ್ಟುತ್ತಾನೆ, ಸೆಸ್ಸು ಬೇರೆ. ಕಟ್ಟದೆ ಷೋರೂಮಿನಿಂದ ಗಾಡಿ ಹೊರಗೇ ಬರುವುದಿಲ್ಲ. ಅದೇ ಲೆಕ್ಕದಲ್ಲಿ 4 ಕೋಟಿಯ ಕಾರಿಗೆ 72 ಲಕ್ಷ ಆಗುತ್ತದೆ. ಆ ವಿಡಿಯೊದಲ್ಲಿ ಗೂಳಿಯ ಚಿತ್ರ ನೋಡಿದಿರಿ, ನಂಬರ್ ಪ್ಲೇಟ್ ನೋಡಿದಿರಾ? ಪಿವೈ ಅಂತ ಶುರುವಾಗುತ್ತದೆ. ಪಿವೈ ಅಂದರೆ ಪುದುಚೇರಿ. ಅಲ್ಲಿ ತೆರಿಗೆ ನಮ್ಮಲ್ಲಿಗಿಂತ ಬಹಳ ಕಡಿಮೆ.

ಬೇರೆ ರಾಜ್ಯದ ನಂಬರಿನ ಗಾಡಿ ಇಟ್ಟುಕೊಂಡರೆ ತಕ್ಷಣಕ್ಕೆ ತಪ್ಪೇನಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಇಲ್ಲೇ ಓಡಿಸಿದರೆ ಇಲ್ಲಿ ನೋಂದಣಿ ಮಾಡಿಸಬೇಕು, ತೆರಿಗೆ ಕಟ್ಟಬೇಕು. ಈ ಸಾಹುಕಾರರು ನಾಳೆ ಕಟ್ಟಲೂಬಹುದು, ಕಟ್ಟಲಿ. ಕಟ್ಟದವರು ಎಷ್ಟು ಜನ ಅಂತ ಬೆಂಗಳೂರಿನಲ್ಲಿ ಹುಡುಕಿದಾಗಲೇ ಗೊತ್ತಾಯಿತು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯವರು ಒಂದೇ ಕಾರ್ಯಾಚರಣೆಯಲ್ಲಿ ಫೆರಾರಿ, ಪೋರ್ಷೆ, ಆಡಿ ಸೇರಿ 30 ಕಾರು ಹಿಡಿದರು. ಅದೇ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದೇ ಒಂದು ಫೆರಾರಿಗೆ ಸುಮಾರು 1 ಕೋಟಿ 42 ಲಕ್ಷ ಕಟ್ಟಿಸಿಕೊಂಡರು. ಸಂಜೆಯೊಳಗೆ ಕಟ್ಟದಿದ್ದರೆ ಗಾಡಿ ಜಪ್ತಿ ಅಂದದ್ದಕ್ಕೆ ಅವತ್ತೇ ಹಣ ಬಂತು. ಅಮಿತಾಭ್ ಬಚ್ಚನ್, ಆಮೀರ್ ಖಾನ್ ಮೊದಲು ಇಟ್ಟುಕೊಂಡಿದ್ದ ಎರಡು ರೋಲ್ಸ್ ರಾಯ್ಸ್ ಕೈ ಬದಲಾಯಿಸಿ ಬೆಂಗಳೂರಿಗೆ ಬಂದಿದ್ದವು, ಅವುಗಳಿಂದ 38 ಲಕ್ಷ ಬಂತು. ದುಡ್ಡು ಇತ್ತು, ಕೇಳುವವರು ಇರಲಿಲ್ಲ ಅಷ್ಟೇ. ಬೈಕಿನ ಹುಡುಗನನ್ನು ಹೆಲ್ಮೆಟ್ಟಿಗೆಂದು ಸರ್ಕಲ್ಲಿನಲ್ಲಿ ನಿಲ್ಲಿಸುವ ಕೈ ಈ ಹಳದಿ ಕಾರಿಗೆ ಸಲಾಮು ಹೊಡೆಯುವುದನ್ನು ನಾವೇ ನಿಂತು ನೋಡಿದ್ದೇವೆ.

‘ಹೊಟ್ಟೆಕಿಚ್ಚು ನಿಮಗೆ’ ಎಂದು ನಮ್ಮ ಗೆಳೆಯರೇ ಬೈದರು. ಇನ್ನೊಬ್ಬರು ಚರಿತ್ರೆ ತೆಗೆದರು: ವಿಜಯನಗರದ ಅರಸರೂ ಅರಬ್ಬರ ನಾಡಿನ ಕುದುರೆ ತರಿಸುತ್ತಿದ್ದರಲ್ಲ, ಅದೂ ಫಾರಿನ್ ಮಾಲೇ ಅಲ್ಲವೇ? ಸರಿಯಾದ ಮಾತು. ಹಂಪಿಯ ವಿಠ್ಠಲ ಗುಡಿಗೆ ಹೋಗುವ ಬಜಾರಿನ ದಾರಿಯಲ್ಲೇ ಕುದುರೆಗೊಂಬೆ ಮಂಟಪ ಇದೆ, ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆಗಳ ಸಾಲು ಇದೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಳುವ ನರಸಿಂಹ ಹಣ ಕೊಡುತ್ತಿದ್ದನಂತೆ. ಆದರೆ ಆ ಕುದುರೆಗಳು ರಾಜ್ಯ ಕಾಯುವ ದಂಡಿಗೆ ಬಂದವು. ಬೈಪಾಸಿನಲ್ಲಿ ರೀಲ್ಸ್ ಮಾಡಲು ಬಂದದ್ದಲ್ಲ.

ಎಂಜಿ ಎಂಬ ಹೆಸರಿನ ಕಥೆಯೂ ನಮ್ಮ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ. ಇಂಗ್ಲೆಂಡಿನ ಆ ಕಂಪನಿ 2005ರಲ್ಲಿ ಮುಳುಗಿ ಹೆಸರು ಚೀನಾದವರ ಪಾಲಾಯಿತು. ನಮ್ಮ ಸಂಡೂರು ಗುಡ್ಡದ ಅದಿರು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ಕಾಲವೇ ಅದು. ಈಗ ಇಂಡಿಯಾದಲ್ಲಿ ಎಂಜಿ ಕಾರು ಮಾಡುವ ಕಂಪನಿಯಲ್ಲಿ ಚೀನಾದ ಎಸ್‌ಎಐಸಿ ಜೊತೆ ಜೆಎಸ್‌ಡಬ್ಲ್ಯು ಪಾಲುದಾರ. ಜೆಎಸ್‌ಡಬ್ಲ್ಯು ಅಂದರೆ ನಿಮಗೆ ಹೇಳಬೇಕಿಲ್ಲ, ತೋರಣಗಲ್ಲು ಸ್ಟೀಲ್ ಫ್ಯಾಕ್ಟರಿಯವರು. 2025ರಲ್ಲಿ ಅವರು ಕರೆಂಟಿನ ಸ್ಪೋರ್ಟ್ಸ್ ಕಾರೊಂದನ್ನು ಮಾರುಕಟ್ಟೆಗೆ ಬಿಟ್ಟರು, ಬೆಲೆ 70 ಲಕ್ಷದ ಮೇಲೆ. ಕಾರ್ಖಾನೆ ಇರುವುದು ಗುಜರಾತಿನ ಹಾಲೋಲ್‌ನಲ್ಲಿ. ಅದಿರು ಕೊಟ್ಟ ನೆಲದಲ್ಲಿ ನಮಗೆ ಸಿಕ್ಕಿದ್ದು ಲಾರಿಯ ಹಿಂದಿನ ಕೆಂಪು ಧೂಳು.

ನಿಜವಾದ ಹಳೆ ಮಾಲು ಯಾವುದು ಅಂದರೆ ಆ ಗುಡ್ಡಗಳು. ಸಂಡೂರಿನ ಕಲ್ಲು 250 ಕೋಟಿ ವರ್ಷಕ್ಕೂ ಹಿಂದಿನದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. 50 ವರ್ಷ ದಾಟಿದ ಕಾರಿಗೆ ವಿಂಟೇಜ್ ಎಂದು ಬೇರೆ ನಂಬರ್ ಪ್ಲೇಟ್ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು, ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ಕಾರಿಗೆ ಇರುವ ಆ ಮರ್ಯಾದೆ ಗುಡ್ಡಕ್ಕೆ ಇಲ್ಲ. ದೇವದಾರಿ ಗುಡ್ಡದಲ್ಲಿ ಗಣಿಗಾರಿಕೆಗೆ ಸುಮಾರು 99 ಸಾವಿರ ಮರ ಕಡಿಯಬೇಕಾಗುತ್ತದೆ ಎಂದು 2024ರಲ್ಲಿ ಗದ್ದಲವಾಯಿತಲ್ಲ, ಆಗ ನಮ್ಮ ಗ್ರೂಪುಗಳಲ್ಲಿ ಎಷ್ಟು ಜನ ಫಾರ್ವರ್ಡ್ ಮಾಡಿದಿರಿ?

ಹಳೆಯದನ್ನು ನೋಡಿಕೊಳ್ಳದಿದ್ದರೆ ಏನಾಗುತ್ತದೆ ಅಂತ ಕಂಪ್ಲಿಯವರಿಗೆ ನಾವು ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮು, ಎದೆ ಹೊಡೆದುಕೊಳ್ಳುತ್ತಿತ್ತು. 70 ವರ್ಷದ ಡ್ಯಾಮಿನಲ್ಲಿ ಬೆಳೆಯ ನೀರು ಕಣ್ಣೆದುರೇ ನದಿಗೆ ಹರಿದುಹೋಯಿತು. ಹರಿಯುವ ನೀರಿನಲ್ಲೇ ತುಂಡು ತುಂಡು ಗೇಟು ಇಳಿಸಿ ನಿಲ್ಲಿಸಿದವರು ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಯ ಕೆಲಸಗಾರರು. ಹೆಮ್ಮೆ ಪಡುವುದಾದರೆ ಆ ಕೈಗಳ ವಿಡಿಯೊ ಇತ್ತಲ್ಲ, ಪೇಡೆ ಅಲ್ಲಿ ಹಂಚಬೇಕಿತ್ತು.

ಸುಮ್ಮನೆ ಬೈದು ಕೂರುವುದು ಬೇಡ. ಗಣಿ ಮಾಲೀಕರು ಸರ್ಕಾರಕ್ಕೆ ಕೊಡುವ ರಾಜಧನದ ಮೇಲೆ ಇನ್ನೊಂದು ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುತ್ತದೆ. 2015ರ ಕಾನೂನು ಅದು. ಹಳೆ ಗುತ್ತಿಗೆಯಾದರೆ ರಾಜಧನದ ಶೇ 30, ಹರಾಜಿನ ಗುತ್ತಿಗೆಯಾದರೆ ಶೇ 10. ಅದರಲ್ಲಿ ಕನಿಷ್ಠ ಶೇ 70 ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಕೆಲಸಕ್ಕೇ ಹೋಗಬೇಕು. ಇದು ಯಾರ ಕಾರಿನ ದುಡ್ಡೂ ಅಲ್ಲ, ನಿಮ್ಮದು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಪಂಚಾಯಿತಿಗೆ ಖನಿಜ ನಿಧಿಯಿಂದ ಎಷ್ಟು ಬಂತು, ಯಾವ ಕೆಲಸಕ್ಕೆ ಹೋಯಿತು, ಕೆಲಸ ಎಲ್ಲಿದೆ ತೋರಿಸಿ. ಬಾಯಿಮಾತಿನ ಉತ್ತರ ಬೇಡ, ಬರೆದುಕೊಡಿ ಅನ್ನಿ. ಕೊಡದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ. ಬರೆಯಲು ಬರದಿದ್ದರೆ ನಮ್ಮನ್ನು ಕರೆಯಿರಿ, ಬಂದು ಬರೆದುಕೊಡುತ್ತೇವೆ. ಆ ಉತ್ತರವನ್ನು ಇಲ್ಲೇ ಹಾಕುತ್ತೇವೆ, ಯಾವ ಡೆಸ್ಕಿನ ಅಪ್ಪಣೆಯೂ ಬೇಕಿಲ್ಲ.

ಮೊನ್ನೆ ಆ ಮೇಸ್ತ್ರಿಯ ಗ್ಯಾರೇಜಿಗೆ ಹೋಗಿದ್ದೆವು. ಎಂಜಿಬಿಗೆಂದು ಲೇತ್‌ನಲ್ಲಿ ಹೊಡೆಸಿಟ್ಟಿದ್ದ ಎರಡು ಬುಶ್ಶು ಡಬ್ಬಿಯಲ್ಲಿ ಹಾಗೇ ಇವೆ. ‘ಹೇಳದೇ ಒಯ್ದ್ರು ನೋಡ್ರಿ, ಇದರ ರೊಕ್ಕ ಯಾರ್ನ ಕೇಳ್ಲಿ?’ ಅಂದರು. 1,400 ರೂಪಾಯಿ ಬಾಕಿ ಇದೆ.