ತೊಟ್ಟಿಲ ಬಳಿ ಯಾವ ಮಾತು?

ಹೆರಿಗೆ ರಜೆ 2017ರಲ್ಲಿ 26 ವಾರಕ್ಕೆ ಏರಿತು, ನಿಜ. ಆದರೆ 50ಕ್ಕಿಂತ ಕಡಿಮೆ ನೌಕರರಿರುವಲ್ಲಿ ಶಿಶುಗೃಹ ಕಡ್ಡಾಯವಲ್ಲ. ಹಾಗಾಗಿ ರಜೆ ಮುಗಿಯುವ ಮುನ್ನ, ಮಗುವನ್ನು ನೋಡಿಕೊಳ್ಳುವ ಹೆಂಗಸಿಗಾಗಿ ಕಾಸರಗೋಡಿನಲ್ಲಿ ಮನೆಮನೆ ಅಲೆದೆ. ಶುಚಿ, ನಂಬಿಕೆ, ಸಂಬಳ ಎಲ್ಲ ವಿಚಾರಿಸಿದೆ. ಮನೆಮಾತು ಯಾವುದೆಂದು ಕೇಳಲಿಲ್ಲ. ಬಂದಾಕೆ ಮಲಯಾಳಿ, ಬಲು ಅಕ್ಕರೆಯವಳು. ಮಗಳು ಬಾಟಲಿಗೆ ಕೈಚಾಚಿ ಮೊದಲು ಅಂದದ್ದು ‘ಹಾಲು’ ಅಲ್ಲ, ‘ಪಾಲ್’. ಆಕೆಯ ತಪ್ಪೇನು? ಮಲಯಾಳವೂ ನಮ್ಮ ಮಕ್ಕಳಿಗೆ ಬೇಕಾದದ್ದೇ.

ಕನ್ನಡ ಶಾಲೆಗಾಗಿ ಮನವಿಗೆ ಸಹಿ ಹಾಕುವ ನಾವೇ, ಕನ್ನಡ ಮಾತಾಡುವ ನೆರೆಮನೆಯ ಅಜ್ಜಿ ನೂರು ರೂಪಾಯಿ ಹೆಚ್ಚು ಕೇಳಿದರೆ ಚೌಕಾಶಿಗೆ ನಿಲ್ಲುತ್ತೇವೆ. (ನಾನೂ ನಿಂತವಳೇ.) ಒಂದನೇ ತರಗತಿಗೆ ಸೇರುವ ಹೊತ್ತಿಗೆ ಮಗುವಿನ ಕಿವಿ ಪಳಗಿರುತ್ತದೆ. ಪೋಷಕರೇ, ಅಜ್ಜಿಗೆ ಕೇಳಿದಷ್ಟು ಕೊಡಿ. ಅಂಥವರು ಸಿಗದಿದ್ದರೆ, ಸಂಜೆ ಮನೆಗೆ ಬಂದ ಮೇಲಿನ ಹೊತ್ತನ್ನಾದರೂ ಕನ್ನಡಕ್ಕೆ ಮೀಸಲಿಡಿ.