ಶಾಲೆ ಬಿಡಿಸಿದ್ದನ್ನು ಹೋಮ್‌ಸ್ಕೂಲಿಂಗ್ ಎನ್ನಬೇಡಿ

ಮೈಸೂರಿನ ಉದಯಗಿರಿ, ರಾಜೀವನಗರ, ಮಂಡಿ ಮೊಹಲ್ಲಾಗಳಲ್ಲಿ ನಿಕಾಹ್‌ನ ಊಟದ ಪಂಕ್ತಿಯಲ್ಲೋ ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲೋ ಈಚಿನ ವರ್ಷಗಳಲ್ಲಿ ಒಂದು ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ಹೋಮ್‌ಸ್ಕೂಲಿಂಗ್. ಹಿಂದೆ "ಮಗಳನ್ನು ಶಾಲೆ ಬಿಡಿಸಿದೆವು" ಎಂದು ದನಿ ತಗ್ಗಿಸಿ ಹೇಳುತ್ತಿದ್ದ ತಂದೆಯಂದಿರು ಈಗ "ಹೋಮ್‌ಸ್ಕೂಲಿಂಗ್ ಮಾಡಿಸುತ್ತಿದ್ದೇವೆ" ಎಂದು ತಲೆಯೆತ್ತಿ ಹೇಳುತ್ತಾರೆ. ಯಾರು ಕಲಿಸುತ್ತಿದ್ದಾರೆ, ಏನನ್ನು ಕಲಿಸುತ್ತಿದ್ದಾರೆ, ಯಾವ ಪರೀಕ್ಷೆಗೆ ಕೂರಿಸುತ್ತೀರಿ ಎಂದು ಕೇಳಿದರೆ ಉತ್ತರವಿಲ್ಲ. ಅದರ ಬದಲು ಶಾಲೆಗಳ ಕೆಟ್ಟ ವಾತಾವರಣದ ಕುರಿತು ದೀರ್ಘ ಉಪನ್ಯಾಸವೊಂದು ದೊರೆಯುತ್ತದೆ.

ನಮ್ಮ ಆಕ್ಷೇಪ ಮನೆಯಲ್ಲಿ ಕಲಿಸುವುದರ ಮೇಲಲ್ಲ. ಶಿಫಾ ಬಿಂತ್ ಅಬ್ದುಲ್ಲಾ(ರ)ರವರು ಪ್ರವಾದಿ(ಸ)ಯವರ ಪತ್ನಿ ಹಫ್ಸಾ(ರ)ರಿಗೆ ಬರೆಯಲು ಕಲಿಸಿದ್ದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಅದು ಶಾಲೆಯ ಕಟ್ಟಡದಲ್ಲಿ ನಡೆದ ಕಲಿಕೆಯಲ್ಲ. ನಮ್ಮದೇ ಊರಿನ ನಿದರ್ಶನವನ್ನೂ ನೋಡಬಹುದು. ಮುಂದೆ ಮೈಸೂರಿನ ದಿವಾನರಾದ ಸರ್ ಮಿರ್ಝಾ ಇಸ್ಮಾಯೀಲ್ ಬಾಲ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೊಂದಿಗೆ, ಅರಸುಕುಮಾರನಿಗಾಗಿಯೇ ಏರ್ಪಡಿಸಿದ್ದ ಪುಟ್ಟ ತರಗತಿಯಲ್ಲಿ ಕಲಿತರು. ಆದರೆ ಅಲ್ಲಿ ಸ್ಟುವರ್ಟ್ ಫ್ರೇಸರ್ ಅವರಂತಹ ಬೋಧಕರಿದ್ದರು, ಶಿಸ್ತು ಇತ್ತು. ಅಲ್ಲಿಂದ ಹೊರಬಂದ ಮಿರ್ಝಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿ ಪದವಿಯನ್ನೂ ಪಡೆದರು. ಮನೆಪಾಠವು ಮುಂದಿನ ಬಾಗಿಲಿಗೆ ಒಯ್ದರೆ ಅದು ಪಾಠ. ಅಡುಗೆಮನೆಯ ಬಾಗಿಲಲ್ಲೇ ಮುಗಿದುಹೋಗುವುದನ್ನು ಯಾವ ಹೆಸರಿನಿಂದ ಕರೆಯೋಣ?

ಈ ಪದ ನಮ್ಮಲ್ಲಿ ಬೇರೂರಿದ್ದಕ್ಕೆ ಕಾರಣಗಳಿವೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಗಳು ರಾಜ್ಯದಲ್ಲಿ ಮತ್ತೆ ಆರಂಭವಾದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷ ಮನೆಯಲ್ಲಿದ್ದ ಮಕ್ಕಳಲ್ಲಿ ಕೆಲವರು ಮರಳಲೇ ಇಲ್ಲ. ಅದರ ಬೆನ್ನಿಗೇ 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟು ಅದನ್ನು ಎತ್ತಿಹಿಡಿಯಿತು; ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ನೀಡಿದರು. 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಮ್ಮದೇ ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿ ಆದೇಶವನ್ನು ಹಿಂಪಡೆಯುವ ಮಾತಾಡಿ, ಮರುದಿನವೇ ಅದು ಇನ್ನೂ ಪರಿಶೀಲನೆಯಲ್ಲಿದೆ ಎಂದರು. ಈ ಅವಧಿಯಲ್ಲಿ ಕಾಲೇಜಿನ ಗೇಟಿನಿಂದ ಹಿಂತಿರುಗಿದ ಹೆಣ್ಣುಮಕ್ಕಳು ಮನೆಯನ್ನು ಆರಿಸಿಕೊಂಡವರಲ್ಲ, ಹೊರಗಟ್ಟಲ್ಪಟ್ಟವರು. ಅವರ ಸ್ಥಿತಿಯನ್ನು "ನಮ್ಮ ಆಯ್ಕೆ" ಎಂದು ಬಣ್ಣಿಸುವವರು ಅರಿಯದೆಯೇ ಹೊರಗಟ್ಟಿದವರ ಪರ ಸಾಕ್ಷಿ ನುಡಿಯುತ್ತಿದ್ದಾರೆ. ಅನ್ಯಾಯವನ್ನು ಅನ್ಯಾಯವೆನ್ನದೆ ಆಯ್ಕೆ ಎಂದ ಮೇಲೆ, ಪರಿಹಾರ ಕೇಳುವ ಹಕ್ಕಾದರೂ ಎಲ್ಲಿ ಉಳಿಯಿತು?

ಒಂದೇ ಪದದ ಕೆಳಗೆ ಹೀಗೆ ಸರಕಾರದ ತಪ್ಪೂ ಅಡಗಿ ಕೂತಿದೆ, ಮನೆಯ ಹಿರಿಯರ ಉದಾಸೀನವೂ ಅಡಗಿ ಕೂತಿದೆ.

ಇನ್ನು ಉಪನ್ಯಾಸದ ವಿಚಾರ. ಮಗಳನ್ನು ಶಾಲೆಯಿಂದ ಬಿಡಿಸಿದವರು ಅಷ್ಟಕ್ಕೇ ನಿಲ್ಲುವುದಿಲ್ಲ. ಬೀಡಿ ಕಟ್ಟಿ, ಅಗರಬತ್ತಿ ಹೊಸೆದು ಶುಲ್ಕ ಹೊಂದಿಸಿ ಮಗಳನ್ನು ಸಿಟಿ ಬಸ್ಸಿಗೆ ಹತ್ತಿಸುವ ತಾಯಿಯ ಈಮಾನನ್ನೂ ತೂಗಲು ಕೂರುತ್ತಾರೆ. "ಆಕೆಗೆ ದುನಿಯಾದ ಆಸೆ" ಎಂಬ ಒಂದೇ ಮಾತಿನಲ್ಲಿ ತೀರ್ಪು ಮುಗಿಯುತ್ತದೆ. ಇತ್ತ ದುಬಾರಿ ಶಾಲೆಯ ಪಾಲಕರು ಸರಕಾರಿ ಉರ್ದು ಶಾಲೆಯ ಮಕ್ಕಳನ್ನು ಕಂಡು ಮೂಗು ಮುರಿಯುವುದೂ ಇದೇ ಜಾತಿಯ ರೋಗ. ಪರಸ್ಪರ ಅಪಹಾಸ್ಯ ಮಾಡುವುದನ್ನೂ ದುರ್ಭಾವನೆ ತಾಳುವುದನ್ನೂ ಸೂರಃ ಅಲ್‌ಹುಜುರಾತ್ ನಿಷೇಧಿಸಿರುವಾಗ, ಶಾಲೆಯ ಆಯ್ಕೆಗೆ ಮಾತ್ರ ಅದರಿಂದ ವಿನಾಯಿತಿ ಕೊಟ್ಟವರು ಯಾರು?

ಮನೆಯಲ್ಲೇ ಕಲಿಸುವೆವೆಂದು ನಿಜವಾಗಿ ಸಂಕಲ್ಪಿಸಿದವರು ಮಾಡಬೇಕಾದ ಕೆಲಸ ಸಾಕಷ್ಟಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಮು ಹೇಳುತ್ತದೆ. ತಪ್ಪಿದ ಪಾಲಕರಿಗೆ ಅದರಲ್ಲಿ ಶಿಕ್ಷೆಯಿಲ್ಲ ಎಂಬುದನ್ನು ನೆಪ ಮಾಡಿಕೊಳ್ಳುವುದು ಮುಸ್ಲಿಮನಿಗೆ ಶೋಭಿಸದು. ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, 1989ರಿಂದಲೂ ಇದೆ. ಹದಿನಾಲ್ಕು ತುಂಬಿದವರು ಅದರ ಹತ್ತನೇ ತರಗತಿಯ ಪರೀಕ್ಷೆಗೆ ನೋಂದಾಯಿಸಿಕೊಳ್ಳಬಹುದು; ಉರ್ದು ಮಾಧ್ಯಮವೂ ಲಭ್ಯ. ಹೋಮ್‌ಸ್ಕೂಲಿಂಗ್ ಎನ್ನುವ ತಂದೆಯ ಬಳಿ ಮಗಳ ನೋಂದಣಿ ಸಂಖ್ಯೆ ಇರಬೇಕಲ್ಲವೇ? ಗಣಿತ ಕಲಿಸುವವರ ಹೆಸರು, ದಿನದ ವೇಳಾಪಟ್ಟಿ ಇರಬೇಕಲ್ಲವೇ? ಕನ್ನಡವೂ ಇರಬೇಕು ಎಂಬುದು ನಮ್ಮ ಹಟ. ಕನ್ನಡ ಓದಲು ಬಾರದ ಹುಡುಗಿ ನಾಳೆ ನಾಡಕಚೇರಿಯಲ್ಲಿ ಒಂದು ಅರ್ಜಿ ತುಂಬಲೂ ಪರರ ಮುಂದೆ ನಿಲ್ಲಬೇಕಾಗುತ್ತದೆ. ಮದ್ರಸದಲ್ಲಿ ಕಲಿತು ಮದ್ರಸದಲ್ಲೇ ಕಲಿಸುತ್ತಿರುವ ನಾವು ಇನ್ನೊಂದನ್ನೂ ಹೇಳಲೇಬೇಕು: ಸಂಜೆಯ ಒಂದು ಗಂಟೆಯ ಕುರ್‌ಆನ್ ತರಗತಿ ಇಡೀ ದಿನದ ಶಿಕ್ಷಣಕ್ಕೆ ಬದಲಿಯಲ್ಲ. ಆ ತರಗತಿಯನ್ನು ನಡೆಸುವ ನಾವೇ ಹಾಗೆ ಎಂದೂ ಹೇಳಿಕೊಂಡಿಲ್ಲ.

ಅದೇ ಮನೆಯ ಮಗ ಬೆಳಿಗ್ಗೆ ಎಂಟಕ್ಕೆ ಬ್ಯಾಗು ಹೆಗಲಿಗೇರಿಸಿ ಹೊರಡುತ್ತಾನೆ. ಶಾಲೆಯ ವಾತಾವರಣ ಅಷ್ಟು ಕೆಟ್ಟದ್ದಾಗಿದ್ದರೆ ಅದು ಅವನಿಗೆ ತಟ್ಟುವುದಿಲ್ಲವೇ? ಹೋಮ್‌ಸ್ಕೂಲಿಂಗ್ ಅಷ್ಟು ಶ್ರೇಷ್ಠವಾಗಿದ್ದರೆ ಅವನನ್ನೇಕೆ ಅದರಿಂದ ವಂಚಿಸಿದ್ದೀರಿ? ಬದ್ರ್‌ನ ಬಂಧಿತರಲ್ಲಿ ಅಕ್ಷರ ಬಲ್ಲವರಿಗೆ ಮದೀನಾದ ಮಕ್ಕಳಿಗೆ ಓದುಬರಹ ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ನಿಗದಿಪಡಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಮಸೀದಿ ಕಮಿಟಿಗಳು ಮನೆ ಮನೆಯ ಚಂದಾ ಲೆಕ್ಕವನ್ನು ತಪ್ಪದೆ ಬರೆದಿಡುತ್ತವೆ. ಅದೇ ಪುಸ್ತಕದಲ್ಲಿ ಇನ್ನೊಂದು ಪುಟ ತೆರೆಯಲಿ: ಮಹಲ್ಲಾದಲ್ಲಿ ಹನ್ನೆರಡರಿಂದ ಹದಿನೆಂಟರ ನಡುವಿನ ಹೆಣ್ಣುಮಕ್ಕಳು ಎಷ್ಟು, ಶಾಲೆ–ಕಾಲೇಜಿನಲ್ಲಿರುವವರು ಎಷ್ಟು, ಮನೆಯಲ್ಲಿದ್ದು ಪರೀಕ್ಷೆಗೆ ನೋಂದಾಯಿಸಿದವರು ಎಷ್ಟು, ಎರಡೂ ಇಲ್ಲದವರು ಎಷ್ಟು. ಆ ಕೊನೆಯ ಅಂಕಿಯನ್ನು ಜುಮಾದ ದಿನ ಓದಿ ಹೇಳಲಿ.