ದಾರಿ ಹೇಳುವುದೂ ಒಂದು ವಿದ್ಯೆ

ಒಂದು ಮನೆಗೆ ಹೋಗುವ ದಾರಿಯನ್ನು ಹೇಳುವುದರಲ್ಲಿ ವಿಜ್ಞಾನವೇನು ಬಂತು ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಪಟ್ಟಣದಲ್ಲಿ ಬೀದಿಗೆ ಹೆಸರುಂಟು, ಮನೆಗೆ ಸಂಖ್ಯೆಯುಂಟು. ಅಲ್ಲಿ ದಾರಿ ಹೇಳುವುದು ಅಷ್ಟೇನೂ ಕಷ್ಟವಲ್ಲ. ಆದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಡೆಯ ತೋಟದ ಮನೆಗಳ ಸಂಗತಿ ಬೇರೆ. ಅಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡಿರುವುದಿಲ್ಲ. ಒಂದೊಂದು ಮನೆಯೂ ತನ್ನ ಗದ್ದೆಯನ್ನೋ ಕಾಫಿ ತೋಟವನ್ನೋ ಎದುರಿಗಿಟ್ಟುಕೊಂಡು, ನೆರೆಮನೆಯಿಂದ ಒಂದು ಕೂಗಳತೆಯಷ್ಟೋ ಅದಕ್ಕೂ ಹೆಚ್ಚೋ ದೂರದಲ್ಲಿ, ಮರಗಳ ಮರೆಯಲ್ಲಿ ನಿಂತಿರುತ್ತದೆ. ಇಂಥ ಅನೇಕ ಮನೆಗಳು ಈಗ ಹೋಂ ಸ್ಟೇಗಳಾಗಿ, ರಜೆಯ ದಿನಗಳನ್ನು ಕಳೆಯಬಯಸುವ ಪಟ್ಟಣಿಗರಿಗೆ ಬಾಗಿಲು ತೆರೆದಿವೆ. ಅತಿಥಿಗಳು ಬರುವುದು ಬಹುಮಟ್ಟಿಗೆ ತಮ್ಮದೇ ಕಾರಿನಲ್ಲಿ. ಹಲವರು ತಲುಪುವುದು ಕತ್ತಲಾದ ಮೇಲೆ.

ಇವರಿಗೆ ದಾರಿಯನ್ನು ತಿಳಿಸುವ ಬಗೆ ಈಗ ಬಲು ಸುಲಭವಾಗಿದೆ. ಮನೆಯ ಯಜಮಾನರು ತಮ್ಮ ಮನೆಯ ನೆಲೆಯನ್ನು ಮೊಬೈಲಿನಲ್ಲಿ ಕಳುಹಿಸಿಬಿಡುತ್ತಾರೆ. ಅತಿಥಿಗಳು ಅದನ್ನು ಒತ್ತಿ, ಅದು ಹೇಳಿದತ್ತ ಕಾರನ್ನು ತಿರುಗಿಸುತ್ತಾರೆ. ಇಷ್ಟಕ್ಕೆ ಯಜಮಾನರ ಕರ್ತವ್ಯ ಮುಗಿಯಿತೆ? ಮುಗಿಯಲಿಲ್ಲವೆಂಬುದೇ ಈ ಲೇಖನದ ವಾದ. ಮನೆಯ ನೆಲೆಯನ್ನು ತಿಳಿಸುವುದು ಬೇರೆ, ಮನೆಯ ದಾರಿಯನ್ನು ತಿಳಿಸುವುದು ಬೇರೆ. ಮೊದಲನೆಯದನ್ನು ಯಂತ್ರಕ್ಕೆ ಬಿಡಬಹುದು. ಎರಡನೆಯದನ್ನು, ಅದರಲ್ಲಿಯೂ ಕೊನೆಯ ನಾಲ್ಕಾರು ಕಿಲೋಮೀಟರುಗಳ ದಾರಿಯನ್ನು, ಬಲ್ಲ ಮನುಷ್ಯನೇ ಮಾತಿನಲ್ಲಿ ಬರೆದು ಕೊಡಬೇಕು.

ನೆಲೆಯನ್ನು ಯಂತ್ರ ಅರಿಯುವ ಬಗೆ ನಿಜಕ್ಕೂ ಅದ್ಭುತವಾದುದು. ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರಗಳಿವೆ. ಉಪಗ್ರಹದಿಂದ ಹೊರಟ ರೇಡಿಯೋ ಸಂಕೇತ ಎಷ್ಟು ಹೊತ್ತಿನ ಮೇಲೆ ತಲುಪಿತೆಂಬುದನ್ನು ತಿಳಿದು, ಅದನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ದೊರೆಯುತ್ತದೆ. ನಮ್ಮ ಅಕ್ಷಾಂಶ, ರೇಖಾಂಶ, ಎತ್ತರ ಎಂಬ ಮೂರು ಅಜ್ಞಾತಗಳ ಜೊತೆಗೆ ಮೊಬೈಲಿನ ಅಗ್ಗದ ಗಡಿಯಾರದ ತಪ್ಪೂ ನಾಲ್ಕನೆಯ ಅಜ್ಞಾತವಾದುದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕಾಗುತ್ತವೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಆ ಎತ್ತರದ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಹೋಗುತ್ತವೆ. ಬೆಳಕು ಒಂದು ಮೈಕ್ರೊಸೆಕೆಂಡಿಗೆ 300 ಮೀಟರ್ ಸಾಗುವುದಷ್ಟೆ. ಈ ವ್ಯತ್ಯಾಸವನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕದಲ್ಲಿ ದಿನಕ್ಕೆ ಸುಮಾರು 11 ಕಿಲೋಮೀಟರುಗಳಷ್ಟು ತಪ್ಪು ಸೇರುತ್ತಿತ್ತು. ಇಷ್ಟನ್ನೂ ಸರಿದೂಗಿಸಿ, ತೆರೆದ ಆಕಾಶದ ಕೆಳಗೆ ಮೊಬೈಲು ನಮ್ಮ ನೆಲೆಯನ್ನು ಸುಮಾರು ಐದು ಮೀಟರುಗಳೊಳಗೆ ತೋರಿಸುತ್ತದೆ. ದಟ್ಟವಾದ ಮರಗಳ ಕೆಳಗೂ ಕಡಿದಾದ ಕಣಿವೆಗಳಲ್ಲೂ ಸಂಕೇತ ಕ್ಷೀಣಿಸಿ, ಅಡ್ಡ ಬಂದುದಕ್ಕೆ ತಾಕಿ ಪ್ರತಿಫಲಿಸಿ, ಲೆಕ್ಕ ಇನ್ನಷ್ಟು ಸಡಿಲವಾಗುತ್ತದೆ.

ಆದರೆ ಉಪಗ್ರಹ ಹೇಳುವುದು ಇಷ್ಟನ್ನೇ: ನೀವು ಇಲ್ಲಿದ್ದೀರಿ. ಯಾವ ರಸ್ತೆಯಲ್ಲಿ ಹೋಗಬೇಕೆಂಬುದನ್ನು ಅದು ಹೇಳಲಾರದು. ಅದನ್ನು ಹೇಳುವುದು ನಕಾಶೆ. ಗಣಕಯಂತ್ರಕ್ಕೆ ನಕಾಶೆಯೆಂದರೆ ಬಿಂದುಗಳು ಮತ್ತು ಅವುಗಳನ್ನು ಜೋಡಿಸುವ ಗೆರೆಗಳು. ಪ್ರತಿ ಗೆರೆಗೂ ಇಂತಿಷ್ಟು ದೂರ ಅಥವಾ ಇಂತಿಷ್ಟು ಕಾಲ ಎಂಬ ಬೆಲೆ. ಇವುಗಳಲ್ಲಿ ಅತಿ ಕಡಿಮೆ ಬೆಲೆಯ ದಾರಿಯನ್ನು ಹುಡುಕುವ ಒಂದು ಪ್ರಸಿದ್ಧ ವಿಧಾನವನ್ನು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು 1956ರಲ್ಲಿ ಕಂಡುಕೊಂಡು 1959ರಲ್ಲಿ ಪ್ರಕಟಿಸಿದರು. ರಾಟರ್‌ಡ್ಯಾಮಿನಿಂದ ಗ್ರೋನಿಂಗನ್‌ಗೆ ಅತಿ ಹತ್ತಿರದ ದಾರಿ ಯಾವುದು ಎಂಬ ಪ್ರಶ್ನೆಯೇ ಅದಕ್ಕೆ ಪ್ರೇರಣೆ. ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯಲ್ಲಿ ಕುಳಿತು, ಕಾಗದ ಪೆನ್ಸಿಲುಗಳಿಲ್ಲದೆ, ಸುಮಾರು 20 ನಿಮಿಷಗಳಲ್ಲಿ ಅದನ್ನು ಯೋಚಿಸಿದುದಾಗಿ ಅವರೇ ಮುಂದೆ ಹೇಳಿದರು. ಇಂದಿನ ಯಂತ್ರಗಳು ಬಳಸುವ ವಿಧಾನಗಳು ಇದಕ್ಕಿಂತ ಬೆಳೆದಿವೆಯಾದರೂ ಮೂಲದ ತತ್ತ್ವ ಇದೇ.

ಈ ಗಣಿತದಲ್ಲಿ ತಪ್ಪಿಲ್ಲ. ತಪ್ಪಿರುವುದಾದರೆ ಅದು ಗಣಿತಕ್ಕೆ ಒದಗಿಸಿದ ಗೆರೆಗಳಲ್ಲಿ. ತೋಟದೊಳಗೆ ಜೀಪು ಓಡಾಡುವ ಮಣ್ಣುದಾರಿಯೂ ನಕಾಶೆಯಲ್ಲಿ ಒಂದು ಗೆರೆ. ಡಾಂಬರು ರಸ್ತೆಯೂ ಒಂದು ಗೆರೆ. ಮಣ್ಣುದಾರಿ ಒಂದು ಕಿಲೋಮೀಟರಿನಷ್ಟು ಹತ್ತಿರವೆಂದು ಕಂಡರೆ ಯಂತ್ರ ಅದನ್ನೇ ಆರಿಸಬಹುದು. ಆ ದಾರಿ ಮಳೆಗಾಲದಲ್ಲಿ ಕೆಸರಾಗುವುದು, ಅದರ ನಡುವೆ ಬೀಗ ಹಾಕಿದ ಗೇಟಿರುವುದು, ಎದುರಿಗೆ ಇನ್ನೊಂದು ವಾಹನ ಬಂದರೆ ಹಿಂದಕ್ಕೆ ಸರಿಯಲು ಎಡೆಯಿಲ್ಲದಿರುವುದು, ಇವು ಯಾವುವೂ ಯಾರಾದರೂ ತಿಳಿಸದ ಹೊರತು ಅದಕ್ಕೆ ತಿಳಿಯವು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ನಡುವಣ ಹೆದ್ದಾರಿಯೇ ಸಂಚಾರಕ್ಕೆ ಒದಗದಂತಾಯಿತು. ಹೆದ್ದಾರಿಯ ಸುದ್ದಿಯಾದರೆ ಪತ್ರಿಕೆಗಳಲ್ಲಿ ಬರುತ್ತದೆ. ತೋಟದ ದಾರಿಯ ಮೋರಿ ಕೊಚ್ಚಿಹೋದ ಸುದ್ದಿ ಆ ಊರಿನವರಿಗಷ್ಟೇ ಗೊತ್ತು. ಸಾಲದುದಕ್ಕೆ, ನಕಾಶೆಯನ್ನು ಮೊದಲೇ ಮೊಬೈಲಿನಲ್ಲಿ ಇಳಿಸಿಕೊಳ್ಳದಿದ್ದರೆ, ಸಂಪರ್ಕ ಕಡಿದ ಕಣಿವೆಯಲ್ಲಿ ದಾರಿ ತಪ್ಪಿದವನಿಗೆ ಹೊಸ ದಾರಿಯನ್ನು ಕೇಳುವ ಉಪಾಯವೂ ಉಳಿಯುವುದಿಲ್ಲ.

ಹಾಗಾದರೆ ಒಳ್ಳೆಯ ದಾರಿಸೂಚನೆ ಹೇಗಿರಬೇಕು? ಇದರಲ್ಲಿಯೂ ವಿಜ್ಞಾನದ ನಿಯಮಗಳುಂಟು. ಕಲ್ಪಿತವಾದ ಒಂದು ಮನೆಗೆ ಬರೆದ ಸೂಚನೆಯನ್ನು ನೋಡೋಣ:

“ಪೇಟೆಯ ಬಸ್ ನಿಲ್ದಾಣವನ್ನು ಎಡಕ್ಕೆ ಬಿಟ್ಟು ಪಶ್ಚಿಮಕ್ಕೆ ಹೊರಡಿ. 6 ಕಿ.ಮೀ. ಆದ ಮೇಲೆ ಬಲಕ್ಕೆ ಸರ್ಕಾರಿ ಪ್ರಾಥಮಿಕ ಶಾಲೆ ಸಿಗುತ್ತದೆ. ಅಲ್ಲಿಂದ 400 ಮೀಟರ್ ಮುಂದೆ, ಹಳ್ಳದ ಸೇತುವೆಗೆ ಸ್ವಲ್ಪ ಮೊದಲು, ಎಡಕ್ಕೆ ಕವಲೊಡೆಯುವ ದಾರಿಯನ್ನು ಹಿಡಿಯಿರಿ. ಸೇತುವೆಯನ್ನು ದಾಟಿದಿರಾದರೆ ಕವಲು ತಪ್ಪಿತೆಂದು ತಿಳಿದು ಹಿಂದಿರುಗಿ. ಕವಲುದಾರಿಯಲ್ಲಿ ಹೋಗುವಾಗ ಹಳ್ಳ ನಿಮ್ಮ ಬಲಕ್ಕಿರಬೇಕು. 2 ಕಿ.ಮೀ. ಒಳಗೆ ಎರಡು ಮೋರಿಗಳು ಬರುತ್ತವೆ. ಎರಡನೆಯದರ ಮುಂದೆ ಏರು. ಏರಿನ ತುದಿಯಲ್ಲಿ ಎಡಕ್ಕೆ ನಮ್ಮ ಉಣುಗೋಲು. ಕವಲಿನಿಂದ ಮುಂದೆ ಮೊಬೈಲ್ ಸಂಪರ್ಕವಿಲ್ಲ.”

ಮೊದಲನೆಯದಾಗಿ, ಸೂಚನೆ ಆರಂಭವಾಗುವುದು ಯಾರೂ ತಪ್ಪದೆ ತಲುಪಬಲ್ಲ ಸ್ಥಳದಿಂದ. ಅಲ್ಲಿಯವರೆಗೆ ಹೆದ್ದಾರಿಯ ಫಲಕಗಳೂ ಯಂತ್ರವೂ ಸಾಕು. ಎರಡನೆಯದಾಗಿ, ಗುರುತುಗಳೆಲ್ಲ ಸ್ಥಿರವಾದವು. ಶಾಲೆ, ಸೇತುವೆ, ಮೋರಿಗಳು ನಾಳೆಯೂ ಇರುವಂಥವು. ನೀಲಿ ಬಣ್ಣದ ಅಂಗಡಿ ಮುಂದಿನ ಹಬ್ಬಕ್ಕೆ ಹಳದಿಯಾದೀತು. ಮೂರನೆಯದಾಗಿ, ಪ್ರತಿ ಹೆಜ್ಜೆಗೂ ಎರಡು ಸಾಕ್ಷಿಗಳಿವೆ: ದೂರ ಮತ್ತು ಗುರುತು. ಇದಕ್ಕೆ ಕಾರಣವುಂಟು. ಕಾರಿನ ದೂರಮಾಪಕ ಚಕ್ರದ ಸುತ್ತುಗಳ ಆಧಾರದ ಮೇಲೆ ದೂರವನ್ನು ಲೆಕ್ಕ ಹಾಕುತ್ತದೆ. 600 ಮಿಲಿಮೀಟರ್ ವ್ಯಾಸದ ಟೈರು ಸವೆದು ಅದರ ದಪ್ಪದಲ್ಲಿ 6 ಮಿಲಿಮೀಟರ್ ಇಳಿಯಿತೆನ್ನಿ. ವ್ಯಾಸ 12 ಮಿಲಿಮೀಟರ್ ಕಡಿಮೆಯಾಯಿತು. ಎಂದರೆ ನೂರಕ್ಕೆ ಎರಡು ಪಾಲು ತಪ್ಪು. ಹತ್ತು ಕಿಲೋಮೀಟರಿಗೆ ಇದು 200 ಮೀಟರ್. ಮಲೆನಾಡಿನಲ್ಲಿ ಅಷ್ಟರೊಳಗೆ ಎರಡು ಕವಲುಗಳು ಬಂದು ಹೋಗಬಹುದು. ಬರಿಯ ದೂರವನ್ನು ನಂಬಿದವನು ತಪ್ಪುತ್ತಾನೆ, ಬರಿಯ ಗುರುತನ್ನು ನಂಬಿದವನು ಎಷ್ಟು ಹೊತ್ತು ಅದನ್ನು ಎದುರುನೋಡಬೇಕೆಂದು ತಿಳಿಯದೆ ಕಂಗೆಡುತ್ತಾನೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ತಪ್ಪಿದಾಗ ತಪ್ಪಿತೆಂದು ತಿಳಿಯುವ ಏರ್ಪಾಡು. ಸೇತುವೆ ದಾಟಿದರೆ ಹಿಂದಿರುಗಿ, ಹಳ್ಳ ಬಲಕ್ಕಿರಬೇಕು ಎಂಬ ಮಾತುಗಳು ದಾರಿ ತಪ್ಪದವನಿಗೆ ಅನಾವಶ್ಯಕವೆನಿಸಬಹುದು. ಆದರೆ ತಂತಿಯಲ್ಲಿಯೋ ರೇಡಿಯೋದಲ್ಲಿಯೋ ಸಂದೇಶಗಳನ್ನು ಕಳುಹಿಸುವ ಎಂಜಿನಿಯರುಗಳೂ ಇದನ್ನೇ ಮಾಡುತ್ತಾರೆ. ನಡುವೆ ನುಸುಳಿದ ದೋಷವನ್ನು ಕಂಡುಹಿಡಿಯುವುದಕ್ಕೆಂದೇ ಸಂದೇಶದೊಡನೆ ಕೆಲವು ಹೆಚ್ಚಿನ ಅಂಕಿಗಳನ್ನು ಸೇರಿಸುತ್ತಾರೆ. ಕೊನೆಯದಾಗಿ, ಸೂಚನೆಯ ಕೆಳಗೆ ಅದನ್ನು ಬರೆದ ತಾರೀಖಿರಬೇಕು. ಒಂದು ಮಳೆಗಾಲ ಕಳೆದ ಮೇಲೆ ಅದನ್ನು ಮತ್ತೆ ಪರೀಕ್ಷಿಸಬೇಕು.

ಇದಕ್ಕೆ ಒಂದು ಆಕ್ಷೇಪವುಂಟು. ವಿಳಾಸವಿಲ್ಲದ ಮನೆಗೂ ಈಗ ಸಂಕೇತಾಕ್ಷರಗಳ ವಿಳಾಸ ಬಂದಿರುವಾಗ ಈ ಹಳೆಯ ಪದ್ಧತಿ ಏಕೆ ಎಂಬುದು. ನಮ್ಮ ಅಂಚೆ ಇಲಾಖೆ 1972ರಲ್ಲಿ ಆರು ಅಂಕಿಗಳ ಪಿನ್ ಕೋಡನ್ನು ತಂದಿತು. 2025ರಲ್ಲಿ ಡಿಜಿಪಿನ್ ಎಂಬ ಹತ್ತು ಅಕ್ಷರಗಳ ಸಂಕೇತವನ್ನು ಹೊರತಂದಿತು. ಅದರ ಕ್ರಮ ಸೊಗಸಾದುದು. ಭಾರತವನ್ನು ಒಳಗೊಳ್ಳುವ, 36 ಡಿಗ್ರಿ ಉದ್ದಗಲದ ಒಂದು ಚೌಕವನ್ನು 16 ಮನೆಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಅಕ್ಷರವನ್ನು ಕೊಟ್ಟು, ಪ್ರತಿ ಮನೆಯನ್ನು ಮತ್ತೆ 16 ಮಾಡುತ್ತ ಹತ್ತು ಸಲ ಹೀಗೆ ಹಂಚಿದರೆ ಕೊನೆಗೆ ಉಳಿಯುವುದು ಸುಮಾರು ನಾಲ್ಕು ಮೀಟರ್ ಪಕ್ಕದ ಚೌಕ. ಈ ಏರ್ಪಾಡು ಸ್ವಾಗತಾರ್ಹ. ಪ್ರತಿ ತೋಟದ ಮನೆಯ ಗೋಡೆಯ ಮೇಲೂ ಇದನ್ನು ಬರೆದಿಡುವುದು ಒಳ್ಳೆಯದು. ಆದರೆ ಇದೂ ಹೇಳುವುದು ನೆಲೆಯನ್ನೇ ಹೊರತು ದಾರಿಯನ್ನಲ್ಲ. ಹಳ್ಳದ ಈಚೆಯ ಚೌಕಕ್ಕೂ ಆಚೆಯ ಚೌಕಕ್ಕೂ ಸಂಕೇತದಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿರಬಹುದು. ಸೇತುವೆಯಿಲ್ಲದ ಕಡೆ ಅವುಗಳ ನಡುವಣ ದಾರಿ ಹತ್ತು ಕಿಲೋಮೀಟರ್ ಇರಬಹುದು.

ವಿಹಾರಕ್ಕೆ ಬಂದವರು ಅರ್ಧ ಗಂಟೆ ತಡವಾಗಿ ಊಟಕ್ಕೆ ಕುಳಿತರೆ ಅಂಥ ನಷ್ಟವೇನಿಲ್ಲ. ಆದರೆ ಅದೇ ಅತಿಥಿಗೆ ರಾತ್ರಿ ಎದೆನೋವು ಬಂದರೆ, ತೋಟದ ಆಳಿಗೆ ಹಾವು ಕಚ್ಚಿದರೆ, 108ಕ್ಕೆ ಕರೆಮಾಡಿದವನು ದಾರಿಯನ್ನು ಬಾಯಿಮಾತಿನಲ್ಲಿ ಹೇಳಬೇಕಾಗಿ ಬರಬಹುದು. ಆಗ ಅರ್ಧ ಗಂಟೆಯ ಬೆಲೆಯೇ ಬೇರೆ. ಗಾಬರಿಯಾದವನಿಗೆ ಎಡಬಲಗಳು ಮರೆತುಹೋಗುತ್ತವೆ. ಅವನ ಮುಂದೆ ಗೋಡೆಯ ಮೇಲೆ ಹತ್ತು ಸಾಲಿನ ಸೂಚನೆ ಇದ್ದರೆ ಅದನ್ನು ಓದಿ ಹೇಳಿದರೆ ಸಾಕು. ಒಂದು ಜೀವ ಉಳಿಯುವುದಕ್ಕೆ ಇಷ್ಟೇ ಕಾರಣವಾಗಬಹುದು.

ಇನ್ನೊಂದು ನಷ್ಟ ಕಣ್ಣಿಗೆ ಕಾಣದಂಥದು. ದಾರಿಯನ್ನು ಅರಿಯುವ ಶಕ್ತಿ ಮಿದುಳಿನಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೂ ಅದರ ನೆರೆಯ ಭಾಗಗಳಿಗೂ ಸೇರಿದುದು. ಇಲಿಯೊಂದು ಒಂದು ನಿರ್ದಿಷ್ಟ ಸ್ಥಳದಲ್ಲಿರುವಾಗ ಮಾತ್ರ ಚುರುಕಾಗುವ ಜೀವಕೋಶಗಳು ಅಲ್ಲಿರುವುದನ್ನು ಜಾನ್ ಓಕೀಫ್ 1971ರಲ್ಲಿ ತೋರಿಸಿದರು. ಸ್ಥಳವನ್ನು ಜಾಲರಿಯಂತೆ ಗುರುತಿಸುವ ಕೋಶಗಳನ್ನು ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ 2005ರಲ್ಲಿ ಕಂಡುಹಿಡಿದರು. ಮೂವರಿಗೂ 2014ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಲಂಡನ್ನಿನ ಟ್ಯಾಕ್ಸಿ ಚಾಲಕರು ಆ ನಗರದ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಬೇಕು. ಅವರ ಹಿಪ್ಪೊಕ್ಯಾಂಪಸ್ಸಿನ ಹಿಂಭಾಗ ಇತರರದಕ್ಕಿಂತ ದೊಡ್ಡದೆಂದು 2000ದಲ್ಲಿ ಎಲಿನರ್ ಮಗ್ವಾಯರ್ ಮತ್ತು ಸಂಗಡಿಗರು ವರದಿ ಮಾಡಿದರು. ಕೆನಡಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜಿ.ಪಿ.ಎಸ್. ಅನ್ನು ಹೆಚ್ಚಾಗಿ ಅವಲಂಬಿಸಿದ ಚಾಲಕರಿಗೆ, ಅದರ ನೆರವಿಲ್ಲದೆ ದಾರಿ ಹುಡುಕಬೇಕಾದಾಗ, ಸ್ಥಳದ ನೆನಪು ಕಡಿಮೆಯಿದ್ದುದು ಕಂಡುಬಂದಿತು. ಪರೀಕ್ಷಿಸಿದವರ ಸಂಖ್ಯೆ ಕೇವಲ 50 ಆದುದರಿಂದ ಇದನ್ನೇ ಕೊನೆಯ ಮಾತೆಂದು ತೆಗೆದುಕೊಳ್ಳಬಾರದು. ಆದರೂ ಬಳಸದ ಶಕ್ತಿ ಮೊಂಡಾಗುವುದೆಂಬ ಅನುಭವದ ಮಾತಿಗೆ ಇದು ವಿರುದ್ಧವಾಗಿಲ್ಲ.

ಯಂತ್ರವನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಬೆಂಗಳೂರಿನಿಂದ ಮಡಿಕೇರಿಯವರೆಗೆ ಅದು ದಾರಿ ತೋರಲಿ. ಅಲ್ಲಿಂದ ಮುಂದಿನ ಹೊಣೆಯನ್ನು ಮನೆಯವರು ಹೊರಬೇಕು. ಹೋಂ ಸ್ಟೇಗಳನ್ನು ನೋಂದಾಯಿಸುವ ಪ್ರವಾಸೋದ್ಯಮ ಇಲಾಖೆ, ನೆಲೆಯ ಸಂಕೇತದ ಜೊತೆಗೆ ತಾರೀಖು ಹಾಕಿದ ಇಂಥ ಒಂದು ಸೂಚನೆಯನ್ನೂ ಪ್ರತಿ ಮನೆಯಿಂದ ಕೇಳಿದರೆ ಖರ್ಚಿಲ್ಲದೆ ದೊಡ್ಡ ಉಪಕಾರವಾಗುತ್ತದೆ.

ವಿದ್ಯಾರ್ಥಿಗಳಿಗೆ ಇದರಲ್ಲಿ ಒಳ್ಳೆಯದೊಂದು ಪ್ರಯೋಗವೂ ಇದೆ. ನಿಮ್ಮ ಮನೆಗೆ, ಸಮೀಪದ ಬಸ್ ನಿಲ್ದಾಣದಿಂದ, ಹತ್ತು ಸಾಲಿಗೆ ಮೀರದಂತೆ ದಾರಿಸೂಚನೆ ಬರೆಯಿರಿ. ನಿಮ್ಮ ಊರನ್ನು ಕಾಣದ ಗೆಳೆಯನೊಬ್ಬನ ಕೈಗೆ ಅದನ್ನು ಕೊಟ್ಟು, ಯಾರನ್ನೂ ಕೇಳದೆ, ಮೊಬೈಲು ನೋಡದೆ ಬರುವಂತೆ ಹೇಳಿರಿ. ಅವನು ಎಲ್ಲಿ ನಿಂತು ಅನುಮಾನಿಸಿದನೋ ಅಲ್ಲಿ ನಿಮ್ಮ ವಾಕ್ಯ ಸಡಿಲವಾಗಿದೆಯೆಂದು ಅರ್ಥ. ಅದನ್ನು ತಿದ್ದಿ, ಇನ್ನೊಬ್ಬನ ಕೈಯಲ್ಲಿ ಮತ್ತೆ ಪರೀಕ್ಷಿಸಿರಿ. ಕೊನೆಗೆ ಉಳಿದ ಸಾಲುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಮನೆಯವರೆಲ್ಲರ ಕಣ್ಣಿಗೆ ಬೀಳುವ ಕಡೆ ಗೋಡೆಗೆ ಅಂಟಿಸಿರಿ.